ಎರಡು ಬೆರಳು ಮೇಲೆ

ನಮ್ಮ ಚಿಕ್ಕಪ್ಪನಿಗೆ ಜನರ ಮುಖ ನೆನಪಿರುತ್ತಿರಲಿಲ್ಲ, ಕಾಲು ನೆನಪಿರುತ್ತಿತ್ತು. ನಾಲ್ಕು ಜನ ಸೇರಿದ ಕಡೆ ಯಾರಾದರೂ ಎದುರು ಬಂದು ನಿಂತು, "ಗುರುತು ಸಿಕ್ತಾ?" ಎಂದು ಕೇಳಿದರೆ ಅವನ ಕಣ್ಣು ಮೊದಲು ನೆಲಕ್ಕೆ ಇಳಿಯುತ್ತಿತ್ತು. "ಓ, ನೀವಾ! ಹೆಬ್ಬೆರಳಲ್ಲಿ ಬ್ರೇಕ್ ಒತ್ತೋರು ಅಲ್ವಾ? ಚೆನ್ನಾಗಿದೀರಾ?" ಕೇಳಿದವರಿಗೆ ನಗಬೇಕೋ ಕೋಪ ಮಾಡಿಕೊಳ್ಳಬೇಕೋ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿ ನಿಂತ ನನಗಂತೂ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಅವನು ಹೋಗಿ ಎರಡು ವರ್ಷವಾಯಿತು. ಈಗ ಯಾರಾದರೂ ನನ್ನ ಕಾಲು ನೋಡಿ ಮಾತನಾಡಿಸಿದರೂ ಸಾಕು ಅನ್ನಿಸುತ್ತದೆ.

ಅವನ ಕಸುಬು ಕಾರುಗಳಿಗೆ ಅಲ್ಯೂಮಿನಿಯಂ ಪೆಡಲ್ ಪ್ಲೇಟು ಕೂರಿಸುವುದು. ಕ್ಲಚ್ಚು, ಬ್ರೇಕು, ಆಕ್ಸಿಲರೇಟರುಗಳಿಗೆ ಕಂಪನಿಯವರು ಹಾಕಿಕೊಟ್ಟ ಕಪ್ಪು ರಬ್ಬರಿನ ಹೊದಿಕೆ ಇರುತ್ತದಲ್ಲ, ಅದನ್ನು ಕಿತ್ತು, ಒಳಗಿನ ಕಬ್ಬಿಣವನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಅದರ ಮೇಲೆ ಸಣ್ಣ ಸಣ್ಣ ರಬ್ಬರ್ ಗುಂಡಿಗಳಿರುವ ಹೊಳೆಯುವ ಪ್ಲೇಟನ್ನು ಬೋಲ್ಟು ಹಾಕಿ ಬಿಗಿಯುವುದು. ಅಷ್ಟೇ. ಇಷ್ಟಕ್ಕೆ ಒಂದು ಅಂಗಡಿಯೇ ಎಂದು ನಗಬೇಡಿ. ಆ ಬೀದಿಯಲ್ಲಿ ಹಾರ್ನು ಹಾಕುವವರು, ಸೀಟಿಗೆ ಕವರು ಹೊಲಿಯುವವರು, ಗಾಜಿಗೆ ಕಪ್ಪು ಹಾಳೆ ಅಂಟಿಸುವವರು ಸಾಲಾಗಿ ಇದ್ದರು. ಎಲ್ಲರೂ ಎಲ್ಲದಕ್ಕೂ ಕೈ ಹಾಕುತ್ತಿದ್ದರು. ಚಿಕ್ಕಪ್ಪ ಮಾತ್ರ ಪೆಡಲು ಬಿಟ್ಟು ಮೇಲಕ್ಕೆ ನೋಡಲಿಲ್ಲ. ನಮ್ಮಪ್ಪ, ಅಂದರೆ ಅವನ ಅಣ್ಣ, ಬಂದವರ ಮುಂದೆಲ್ಲ, "ನನ್ನ ತಮ್ಮ ಜೀವನದಲ್ಲಿ ಮೇಲೆ ಬರಲಿಲ್ಲ ಅಂತಲ್ಲ, ಅವನಿಗೆ ಡ್ಯಾಶ್‌ಬೋರ್ಡ್ ಕೆಳಗಿಂದ ಹೊರಗೆ ಬರೋಕೇ ಇಷ್ಟ ಇಲ್ಲ" ಎಂದು ಅವನ ಕಾಲೆಳೆಯುತ್ತಿದ್ದರು.

ಅಂಗಡಿ ಎಂದರೆ ಒಂದು ಕಾರಿನ ಮುಕ್ಕಾಲು ಭಾಗ ಒಳಗೆ ಹೋಗುವಷ್ಟು ಜಾಗ. ಹಿಂದಿನ ಕಾಲು ಭಾಗ ಬೀದಿಯಲ್ಲಿ ನಿಂತು ದಾರಿಹೋಕರ ಬೈಗುಳ ತಿನ್ನುತ್ತಿತ್ತು. ಒಳಗೆ ಗೋಡೆಯುದ್ದಕ್ಕೂ ಬೋಲ್ಟುಗಳ ಡಬ್ಬಿ, ಕತ್ತು ಬಗ್ಗುವ ಒಂದು ದೀಪ, ಮಲಗಿ ಕೆಲಸ ಮಾಡಲು ಯಾವುದೋ ಹಳೆಯ ಸೋಫಾದಿಂದ ಕಿತ್ತ ದಿಂಬು. ಮೇಜಿನ ಮೇಲೆ ಒಂದು ವರ್ನಿಯರ್, ಅದೇ, ಕೂದಲಿನ ದಪ್ಪವನ್ನೂ ಅಳೆದು ಹೇಳುವ ಉಕ್ಕಿನ ಅಳತೆಗೋಲು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅದರ ಪಕ್ಕದಲ್ಲಿ ಒಂದು ತಗಡಿನ ಡಬ್ಬಿಯ ತುಂಬ ಸೀಮೆಸುಣ್ಣ.

ಆ ಸೀಮೆಸುಣ್ಣದಿಂದಲೇ ಅವನಿಗೆ ಬೀದಿಯಲ್ಲಿ 'ಸೀಮೆಸುಣ್ಣ' ಎಂಬ ಹೆಸರು ಬಿದ್ದದ್ದು. ಪ್ಲೇಟು ಹಾಕಿಸಿಕೊಳ್ಳಲು ಬಂದವರನ್ನು ಅವನು ಮೊದಲು ಡ್ರೈವರ್ ಸೀಟಿನಲ್ಲಿ ಕೂರಿಸುತ್ತಿದ್ದ. "ದಿನಾ ಓಡಿಸುವಾಗ ಹಾಕೋದು ಇದೇ ಚಪ್ಪಲಿನಾ?" ಎಂದು ಕೇಳಿ, ಅದರ ಅಡಿಗೆ ಸೀಮೆಸುಣ್ಣ ಬಳಿಯುತ್ತಿದ್ದ. ಆಮೇಲೆ, "ಕಣ್ಣು ಮುಚ್ಚಿ. ಹತ್ತು ಸಲ ಬ್ರೇಕ್ ಒತ್ತಿ. ಈಗ ಕ್ಲಚ್" ಎನ್ನುತ್ತಿದ್ದ. ದೊಡ್ಡ ದೊಡ್ಡ ಮನುಷ್ಯರೂ ತುಟಿಪಿಟಕ್ಕೆನ್ನದೆ ಕಣ್ಣು ಮುಚ್ಚಿ ಒತ್ತುತ್ತಿದ್ದರು. ನಂತರ ಇವನು ದೀಪ ಹಿಡಿದು ಒಳಗೆ ತೂರಿ, ಪೆಡಲಿನ ಮೇಲೆ ಬಿದ್ದ ಬಿಳಿ ಗುರುತನ್ನು ಪತ್ರಿಕೆ ಓದಿದ ಹಾಗೆ ಓದುತ್ತಿದ್ದ. ಯಾರ ಕಾಲು ಎಡಕ್ಕೆ ವಾಲುತ್ತದೆ, ಯಾರು ಅಂಚಿನಲ್ಲಿ ಒತ್ತುತ್ತಾರೆ, ಯಾರಿಗೆ ಕ್ಲಚ್ಚೆಂದರೆ ಭಯ, ಎಲ್ಲವೂ ಅಲ್ಲಿ ಇರುತ್ತಿತ್ತಂತೆ. ಪ್ಲೇಟನ್ನು ಪೆಡಲಿನ ನಡುವಿಗಲ್ಲ, ಆ ಗುರುತಿನ ನಡುವಿಗೆ ಕೂರಿಸುತ್ತಿದ್ದ. ಹಾಗಾಗಿ ಅವನು ಹಾಕಿದ ಪ್ಲೇಟುಗಳು ನೋಡಲು ಸ್ವಲ್ಪ ಸೊಟ್ಟಗಿರುತ್ತಿದ್ದವು. ಯಾರಾದರೂ ಹುಳುಕು ತೆಗೆದರೆ, "ಮಿಂಚಬೇಕು ಅಂದ್ರೆ ಪಕ್ಕದ ಅಂಗಡೀಲಿ ಕನ್ನಡಿ ಹಾಕಿಸ್ಕೊಳ್ಳಿ. ಇದು ಕಾಲಿಗೆ ಹಾಕೋದು, ಕಣ್ಣಿಗಲ್ಲ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದ.

ಬೋಲ್ಟು ಬಿಗಿದ ಮೇಲೆ ಅದರ ತುದಿಯನ್ನು ಗರಗಸದಿಂದ ಕತ್ತರಿಸಿ, ಅರದಿಂದ ಉಜ್ಜಿ, ಬೆರಳಾಡಿಸಿ ನೋಡುತ್ತಿದ್ದ. ಆಕ್ಸಿಲರೇಟರಿಗೂ ಕೆಳಗಿನ ಮ್ಯಾಟಿಗೂ ನಡುವೆ ಎರಡು ಬೆರಳು ಆಡಬೇಕು, ಇಲ್ಲದಿದ್ದರೆ ಕಾರು ಹೊರಗೆ ಬಿಡುತ್ತಿರಲಿಲ್ಲ. ಇಷ್ಟೆಲ್ಲ ಮಾಡಿದ್ದಕ್ಕೆ ಅವನಿಗೊಂದು ಜಂಭವಿತ್ತು. "ಸರಿಯಿಲ್ಲ ಅಂತ ಒಬ್ಬರೂ ವಾಪಸ್ ಬಂದಿಲ್ಲ. ಹಾಕಿದ ಪ್ಲೇಟನ್ನ ನಾನು ಇವತ್ತಿನವರೆಗೆ ಬಿಚ್ಚಿಲ್ಲ." ಈ ಮಾತನ್ನು ಅವನು ದಿನಕ್ಕೊಂದು ಸಲವಾದರೂ ಹೇಳುತ್ತಿದ್ದ. ಕೇಳಿ ಕೇಳಿ ನಮ್ಮ ಕಿವಿ ತೂತು ಬಿದ್ದಿತ್ತು.

ಒಬ್ಬಳು ವಾಪಸ್ ಬಂದಿದ್ದಳು. ಬೀದಿಯ ತಿರುವಿನವರೆಗೆ ಬಂದು ಹಾಗೇ ತಿರುಗಿ ಹೋಗಿದ್ದಳು. ಅವಳೇ ನಮ್ಮ ಚಿಕ್ಕಮ್ಮ.

ಚಿಕ್ಕಮ್ಮ ಆಗ ಇನ್ನೂ ಚಿಕ್ಕಮ್ಮನಾಗಿರಲಿಲ್ಲ. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಗಾಯ ತೊಳೆದು, ಪಟ್ಟಿ ಕಟ್ಟಿ, ಇಂಜೆಕ್ಷನ್ ಕೊಟ್ಟು ಬರುವ ನರ್ಸು. ಆ ಓಡಾಟಕ್ಕೆಂದು ಬೂದುಬಣ್ಣದ ಒಂದು ಪುಟ್ಟ ಕಾರು ಇಟ್ಟುಕೊಂಡಿದ್ದಳು. ಆಳು ಗಿಡ್ಡ. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಂಡರೂ ಪೆಡಲು ತುದಿಗಾಲಿಗೆ ಸಿಗುವುದು, ಸ್ಟೀರಿಂಗು ಹೊಟ್ಟೆಗೆ ಒತ್ತುವುದು. ಪ್ಲೇಟಿನ ಕೆಳಗೆ ಅಲ್ಯೂಮಿನಿಯಂ ತುಂಡುಗಳನ್ನಿಟ್ಟು ಪೆಡಲನ್ನು ಹತ್ತಿರಕ್ಕೆ ತರುವವನು ಒಬ್ಬನಿದ್ದಾನೆಂದು ಯಾರೋ ಹೇಳಿದರಂತೆ. ಆ ಗ್ಯಾರೇಜುಗಳ ಬೀದಿಯಲ್ಲಿ ಎಲ್ಲರೂ ಗಂಡಸರೇ. ಇಷ್ಟೇ ಇಷ್ಟು ಎತ್ತರ ಇರುವ ತನ್ನನ್ನು ಎಲ್ಲಿ ಮಕ್ಕಳ ಹಾಗೆ ಮಾತನಾಡಿಸಿಬಿಡುತ್ತಾರೋ ಎಂದು ಅವಳು ಅಕ್ಕನ ಎತ್ತರದ ಹಿಮ್ಮಡಿಯ ಚಪ್ಪಲಿಯನ್ನು ಒಂದು ದಿನದ ಮಟ್ಟಿಗೆ ಕೇಳಿ ಹಾಕಿಕೊಂಡು ಬಂದಿದ್ದಳು.

"ದಿನಾ ಹಾಕೋದು ಇದೇ ಚಪ್ಪಲಿನಾ?" ಎಂದು ಚಿಕ್ಕಪ್ಪ ಕೇಳಿದ.

"ಹೂಂ" ಎಂದಳು ಚಿಕ್ಕಮ್ಮ. ನನ್ನದಲ್ಲ, ಅಕ್ಕನದು ಎಂದು ಅಷ್ಟು ಜನರ ಮುಂದೆ ಹೇಗೆ ಹೇಳುವುದು?

ಹಿಮ್ಮಡಿ ಎತ್ತರವಾದರೆ ಪಾದ ಪೆಡಲಿಗೆ ತಾಗುವ ಜಾಗವೂ ಮೇಲಕ್ಕೆ ಹೋಗುತ್ತದೆ. ಬಿಳಿ ಗುರುತು ಎಲ್ಲರಿಗಿಂತ ಎರಡು ಬೆರಳು ಮೇಲೆ ಬಿತ್ತು. ಚಿಕ್ಕಪ್ಪನಿಗೆ ಅದೊಂದು ಸವಾಲಾಯಿತು. ಇಡೀ ದಿನ ಕೂತು, ಹೊಸ ತೂತು ಕೊರೆದು, ಕೆಳಗೆ ತುಂಡುಗಳನ್ನಿಟ್ಟು, ಎರಡು ಬೆರಳು ಮೇಲೆ ಪ್ಲೇಟು ಕೂರಿಸಿದ. ಅವಳು ಓಡಿಸಿ ನೋಡಿದಳು. ಬೆಣ್ಣೆಯ ಹಾಗೆ ಹೋಯಿತು ಕಾರು.

ಮಾರನೆಯ ಬೆಳಗ್ಗೆ ತನ್ನ ಚಪ್ಪಟೆ ಶೂ ಹಾಕಿಕೊಂಡು ಕೆಲಸಕ್ಕೆ ಹೊರಟವಳು ಗೇಟು ದಾಟುವ ಮೊದಲೇ ಬ್ರೇಕಿನ ಮೇಲಿಂದ ಕಾಲು ಜಾರಿ ಗೇಟಿನ ಕಂಬಕ್ಕೆ ಗುದ್ದಿದಳು. ಕಾರಿನ ಮೂಗು ಚಪ್ಪಟೆಯಾಯಿತು. ಕಾರನ್ನು ಅಲ್ಲೇ ಬಿಟ್ಟು, ಹೇಳಿ ಬಿಚ್ಚಿಸಿಬಿಡೋಣ ಎಂದು ನಡೆದುಕೊಂಡೇ ಬಂದಳಂತೆ. ಬೀದಿಯ ತಿರುವಿಗೆ ಬರುತ್ತಾಳೆ, ಚಿಕ್ಕಪ್ಪ ಅಂಗಡಿಯ ಮುಂದೆ ಮೂರು ನಾಲ್ಕು ಜನರನ್ನು ಸೇರಿಸಿಕೊಂಡು ಶಟರಿನ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ತೋರಿಸುತ್ತಿದ್ದಾನೆ. "ಎರಡು ಬೆರಳು ಮೇಲೆ! ಯಾವ ಪುಸ್ತಕದಲ್ಲಿದೆ ಹೇಳಿ ಇದು? ಅವರ ಕಾಲೇ ಹೇಳ್ತು, ನಾನು ಕೇಳಿಸ್ಕೊಂಡೆ. ಇಂಥ ಕೆಲಸ ಜೀವನದಲ್ಲಿ ಒಂದೇ ಸಲ ಸಿಗೋದು." ಅವನ ಮುಖದಲ್ಲಿ ಅಂಥ ಖುಷಿಯಿತ್ತಂತೆ. ಚಿಕ್ಕಮ್ಮ ಅಲ್ಲಿಂದಲೇ ತಿರುಗಿದಳು. ಮನೆಗೆ ಹೋಗಿ ತನ್ನ ಕೈಗಡಿಯಾರ ಬಿಚ್ಚಿ ಅಕ್ಕನಿಗೆ ಕೊಟ್ಟು ಆ ಚಪ್ಪಲಿಯನ್ನು ತನ್ನದಾಗಿಸಿಕೊಂಡಳು. ಅಕ್ಕ ಲಾಭವಾಯಿತೆಂದು ತೆಪ್ಪಗಾದಳು.

ಎಂಟು ತಿಂಗಳಲ್ಲಿ ಮದುವೆ. ಪ್ಲೇಟು ಹೇಗಿದೆ ಎಂದು ವಿಚಾರಿಸುವ ನೆಪದಲ್ಲಿ ಚಿಕ್ಕಪ್ಪ ವಾರಕ್ಕೆರಡು ಸಲ ಅವಳ ಮನೆಗೆ ಹೋಗುತ್ತಿದ್ದನಂತೆ. ಪ್ರತಿ ಸಲವೂ ಅವಳು "ತುಂಬ ಚೆನ್ನಾಗಿದೆ" ಎನ್ನುತ್ತಿದ್ದಳು. ನನಗಾಗ ಒಂಬತ್ತು ವರ್ಷ. ಮದುವೆಯ ದಿನ ಅವಳು ಚಪ್ಪಲಿ ಬಿಟ್ಟು ನಿಂತಾಗ ಅವನ ಎದೆಯವರೆಗೂ ಬರಲಿಲ್ಲವೆಂದು ನಮ್ಮಪ್ಪ ನಕ್ಕದ್ದು ನೆನಪಿದೆ.

ಅಲ್ಲಿಂದ ಹತ್ತೊಂಬತ್ತು ವರ್ಷ ಅವಳು ಅದೇ ಕಾರು ಓಡಿಸಿದಳು, ಅದೇ ಚಪ್ಪಲಿ ಹಾಕಿಕೊಂಡು. ರೋಗಿಗಳ ಮನೆಯ ಮುಂದೆ ಕಾರು ನಿಲ್ಲಿಸಿ, ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ತಳ್ಳಿ, ಶೂ ಹಾಕಿಕೊಂಡು ಇಳಿಯುವುದು. ಬಂದು ಮತ್ತೆ ಶೂ ಬಿಚ್ಚಿ ಚಪ್ಪಲಿ ಹಾಕುವುದು. ಮನೆಮಂದಿಯೆಲ್ಲ ಅವಳಿಗೆ ಹಿಮ್ಮಡಿಯ ಹುಚ್ಚು ಎಂದುಕೊಂಡಿದ್ದೆವು. "ಯಾರೂ ನೋಡದ ಕಡೆ ಅಲಂಕಾರ ಮಾಡ್ಕೊಳ್ಳೋಳು ಇವಳೊಬ್ಬಳೇ" ಎಂದು ನಮ್ಮಮ್ಮ ಮೂಗು ಮುರಿಯುತ್ತಿದ್ದಳು.

ಚಿಕ್ಕಪ್ಪನಿಗೆ ಮಾತ್ರ ಆ ಚಪ್ಪಲಿಯ ಮೇಲೆ ವಿಪರೀತ ಪ್ರೀತಿ. ಹಿಮ್ಮಡಿ ಸವೆದಾಗಲೆಲ್ಲ ತಾನೇ ಕಾಗದದಲ್ಲಿ ಸುತ್ತಿಕೊಂಡು ಮೂಲೆಯ ಚಪ್ಪಲಿ ರಿಪೇರಿಯವನ ಹತ್ತಿರ ಹೋಗುತ್ತಿದ್ದ. ಕೈಯಲ್ಲಿ ಆ ವರ್ನಿಯರ್! ಹೊಸ ಹಿಮ್ಮಡಿ ಕಟ್ಟಿದ ಮೇಲೆ ಅಳೆದು ನೋಡಿ, "ಒಂದು ಕೂದಲೆಳೆ ಜಾಸ್ತಿಯಾಯ್ತು, ಉಜ್ಜು" ಎನ್ನುತ್ತಿದ್ದ. "ನಾನು ನಲವತ್ತು ವರ್ಷದಿಂದ ಚಪ್ಪಲಿ ಹೊಲೀತಾ ಇದ್ದೀನಿ, ಹಿಮ್ಮಡಿಗೆ ಅಳತೆಗೋಲು ಹಿಡ್ಕೊಂಡು ಬಂದ ಗಂಡನ್ನ ನೋಡಿದ್ದು ಇದೇ ಮೊದಲು" ಎಂದು ಅವನು ಬೀದಿಗೆಲ್ಲ ಉಪ್ಪುಖಾರ ಹಚ್ಚಿ ಹೇಳುತ್ತಿದ್ದ. ಹನ್ನೊಂದು ಸಲ ಹಿಮ್ಮಡಿ ಬದಲಾಯಿತು. ಎತ್ತರ ಮಾತ್ರ ಒಂದಿಷ್ಟೂ ಬದಲಾಗಲಿಲ್ಲ.

ಈ ಗುಟ್ಟು ನನಗೆ ಗೊತ್ತಾದದ್ದು ನಾನು ಕಾರು ಕಲಿಯುವಾಗ. ನನಗಾಗ ಇಪ್ಪತ್ತೆರಡು, ಕಲಿಸಿದ್ದು ಚಿಕ್ಕಮ್ಮ, ಅವಳದೇ ಕಾರಿನಲ್ಲಿ. ನನ್ನ ಕಾಲು ಬ್ರೇಕಿನ ಕೆಳಗೆ ಕೆಳಗೆ ಜಾರುತ್ತಿತ್ತು. ನಾಲ್ಕು ದಿನ ನನ್ನನ್ನೇ ಬೈದುಕೊಂಡೆ. ಐದನೆಯ ದಿನ ಕಾರಿಗೇ ಬೈದೆ, ಪ್ಲೇಟಿಗೂ ಬೈದೆ, ಹಾಕಿದವನಿಗೂ ಬೈದೆ. ಆಗ ಅವಳು ಕಾರು ಪಕ್ಕಕ್ಕೆ ನಿಲ್ಲಿಸಲು ಹೇಳಿ, ತನ್ನ ಚಪ್ಪಲಿ ಬಿಚ್ಚಿ ನನ್ನ ಕಾಲಿಗೆ ಕೊಟ್ಟಳು.

"ಇದನ್ನ ಹಾಕ್ಕೊಂಡು ಒತ್ತು."

ಒತ್ತಿದೆ. ಸರಿಯಾಗಿ ಕೂತಿತು. ನಾನು ಬೆಪ್ಪಾಗಿ ಅವಳ ಮುಖ ನೋಡಿದೆ. ಅವಳು ನಗುತ್ತ ಎಲ್ಲ ಹೇಳಿದಳು.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ ಚಿಕ್ಕಮ್ಮ?"

"ಮೊದಲು, ಇಷ್ಟು ಸಣ್ಣ ವಿಷಯ ಏನು ಹೇಳೋದು ಅಂದ್ಕೊಂಡೆ. ಆಮೇಲೆ ನೋಡಿದ್ರೆ ಅದು ದೊಡ್ಡದಾಗಿಬಿಟ್ಟಿತ್ತು. ಹೊಸಬರು ಯಾರೇ ಅಂಗಡಿಗೆ ಬರಲಿ, ನನ್ನ ಕಾರಿನ ಹತ್ತಿರ ಕರ್ಕೊಂಡು ಬಂದು ತೋರಿಸ್ತಾರೆ. ಹೇಗೆ ಹೇಳ್ಲಿ? ನಿನ್ನ ಬಾಯಿಂದ ಈ ಮಾತು ಬರಬಾರದು. ಆಣೆ ಮಾಡು."

ಮಾಡಿದೆ. ಆರು ವರ್ಷ ಬಾಯಿಗೆ ಬೀಗ ಹಾಕಿಕೊಂಡೆ. ಶಾಲೆಯಲ್ಲಿ ಗಣಿತ ಹೇಳಿಕೊಡುವ ನನಗೆ ತಪ್ಪು ಉತ್ತರವನ್ನು ಕಣ್ಣೆದುರಿಗಿಟ್ಟುಕೊಂಡು ಸುಮ್ಮನಿರುವುದು ಎಷ್ಟು ಕಷ್ಟ ಎಂದು ನನಗೊಬ್ಬಳಿಗೇ ಗೊತ್ತು.

ಅವಳಿಗೆ ನಲವತ್ತೇಳಾದಾಗ ಬಲಗಾಲಿನ ಹಿಮ್ಮಡಿಯ ಹಿಂದಿನ ನರ ಊದಿಕೊಂಡಿತು. ಮೂಳೆ ಡಾಕ್ಟರು ನೋಡಿ, ಇನ್ನು ಹಿಮ್ಮಡಿಯ ಚಪ್ಪಲಿಯನ್ನು ಕಣ್ಣೆತ್ತಿಯೂ ನೋಡಬಾರದು ಎಂದು ಹೇಳಿ, ಲೇಸು ಕಟ್ಟುವ ಚಪ್ಪಟೆ ಶೂ ಬರೆದುಕೊಟ್ಟರು. ಆ ಸಂಜೆ ಊಟದ ಮೇಜಿನ ಮುಂದೆ ಚಿಕ್ಕಮ್ಮ ತಣ್ಣಗೆ ಹೇಳಿದಳು: "ಕಾರು ಮಾರಿಬಿಡೋಣ. ಮನೆಮನೆ ಓಡಾಟ ಸಾಕು. ಕ್ಲಿನಿಕ್ಕಿನಲ್ಲಿ ಚೀಟಿ ಬರೆಯೋ ಕೆಲಸ ಕೊಡ್ತಾರಂತೆ."

ಚಿಕ್ಕಪ್ಪನಿಗೆ ಏನೂ ಅರ್ಥವಾಗಲಿಲ್ಲ. "ಚಪ್ಪಲಿ ಬಿಡು ಅಂದ್ರು ಡಾಕ್ಟ್ರು, ಕಾರು ಬಿಡು ಅಂದ್ರಾ?"

"ಸುಸ್ತಾಗಿದೆ" ಎಂದಳು ಅವಳು.

ಸುಸ್ತಂತೆ! ಒಂದು ದಿನ ರಜೆ ಹಾಕಿದರೆ ಮಂಕು ಬಡಿದವಳ ಹಾಗೆ ಕೂರುತ್ತಿದ್ದವಳು. ಅವಳ ದಾರಿ ನೋಡುತ್ತ ಕಿಟಕಿಯ ಪಕ್ಕ ಮಲಗಿರುತ್ತಿದ್ದ ಮುದುಕರು, ಕಾರಿನ ಸದ್ದು ಕೇಳಿಯೇ ಚಾದರ ಸರಿಮಾಡಿಕೊಳ್ಳುತ್ತಿದ್ದ ಅಜ್ಜಿಯರು ಇದ್ದರು. ಆ ಕಾರೇ ಅವಳ ಬದುಕು ಎಂದು ನಮಗೆಲ್ಲ ಗೊತ್ತಿತ್ತು. ಚಿಕ್ಕಪ್ಪ ಒಂದು ವಾರ ಅಂಗಡಿ ತಡವಾಗಿ ತೆರೆದು ತಾನೇ ಅವಳನ್ನು ಕರೆದುಕೊಂಡು ಹೋದ. ಅವನ ಅಗಲವಾದ ಪಾದ ಆ ಪ್ಲೇಟಿಗೆ ಹೊಂದಲಿಲ್ಲ; ಕಾರು ಕುಪ್ಪಳಿಸಿಕೊಂಡು ಹೋಗುತ್ತಿತ್ತು. "ನಿನ್ನ ಅಳತೆಗೆ ಹೊಲಿದ ಅಂಗಿ ನನಗೆ ಹೇಗೆ ಹಿಡಿಸುತ್ತೆ?" ಎಂದು ಅದರಲ್ಲೂ ಅವನಿಗೆ ಹೆಮ್ಮೆಯೇ. ಎಂಟು ಮನೆ ಸುತ್ತುವ ಹೊತ್ತಿಗೆ ನಾಲ್ಕು ಮನೆಯಾಗುತ್ತಿತ್ತು. ವಾರದ ಕೊನೆಗೆ ಅವಳೇ ಸಾಕೆಂದಳು. ಕಾರು ನೋಡಿ ಒಪ್ಪಿಕೊಂಡವರು ಭಾನುವಾರ ಬೆಳಗ್ಗೆ ಬಂದು ತೆಗೆದುಕೊಂಡು ಹೋಗುವುದೆಂದು ಮಾತಾಯಿತು.

ನಾನು ಅಡುಗೆಮನೆಯಲ್ಲಿ ಅವಳನ್ನು ಹಿಡಿದು ನಿಲ್ಲಿಸಿದೆ. "ಬಾಯಿ ಬಿಟ್ಟು ಹೇಳು. ಅರ್ಧ ದಿನದಲ್ಲಿ ಬಿಚ್ಚಿ ಕೆಳಗಿಳಿಸಿ ಕೊಡ್ತಾನೆ."

"ಬಿಚ್ಚೋದು ದೊಡ್ಡದಲ್ಲ" ಎಂದಳು. "ಹತ್ತೊಂಬತ್ತು ವರ್ಷ ಸುಳ್ಳು ಹೇಳಿದ್ದೀಯ ಅಂತ ಒಂದು ಮಾತು ಅಂದ್ರೆ? ಅನ್ನದೇ ಇದ್ರೆ ಇನ್ನೂ ಕಷ್ಟ. ಅವರಿಗೆ ಇರೋದು ಅದೊಂದು ಜಂಭ. ಅದನ್ನೂ ಕಿತ್ಕೊಂಡು ನಾನು ಯಾವ ಸುಖಕ್ಕೆ ಕಾರು ಓಡಿಸ್ಲಿ?"

ನನಗೆ ಸಿಟ್ಟು ನೆತ್ತಿಗೇರಿತು. ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ನಿಲ್ಲಿಸಬೇಕು ಅನ್ನಿಸಿತು. ಆದರೆ ಆಣೆ ಆಣೆಯೇ.

ಶನಿವಾರ ಮಧ್ಯಾಹ್ನ ಕಾರು ಅಂಗಡಿಯಲ್ಲಿತ್ತು. ಕೊಳ್ಳುವವರಿಗೆ ಕೊಡುವ ಮೊದಲು ಒರೆಸಿ ಹೊಳಪು ಮಾಡಲು ಚಿಕ್ಕಪ್ಪ ಬೆಳಗ್ಗೆಯೇ ತೆಗೆದುಕೊಂಡು ಹೋಗಿದ್ದ. ಅದರಲ್ಲಿದ್ದ ತನ್ನ ಪಟ್ಟಿಯ ಪೆಟ್ಟಿಗೆ, ಕೊಡೆ, ಕಾಗದಪತ್ರ ತೆಗೆದುಕೊಳ್ಳಲು ಚಿಕ್ಕಮ್ಮ ಹೊಸ ಶೂ ಹಾಕಿಕೊಂಡು ನಡೆದು ಬಂದಳು. ಜೊತೆಗೆ ನಾನು. ಚಿಕ್ಕಪ್ಪ ಹಿಂದಿನ ಕೊಳಾಯಿಯಲ್ಲಿ ಬಟ್ಟೆ ಹಿಂಡುತ್ತಿದ್ದ. ಅವಳು ಡ್ರೈವರ್ ಸೀಟಿನಲ್ಲಿ ಕಾಲು ಹೊರಗಿಟ್ಟು ಕೂತು ಬಾಗಿಲಿನ ಜೇಬಿನಿಂದ ಕಾಗದ ಆರಿಸುತ್ತಿದ್ದಳು.

"ಲೇಸ್ ಬಿಚ್ಚಿದೆ, ಇರು" ಎಂದು ನಾನು ಮಂಡಿಯೂರಿದೆ. ಮೇಜಿನ ಮೇಲಿನ ತಗಡಿನ ಡಬ್ಬಿಯಿಂದ ಎತ್ತಿಟ್ಟುಕೊಂಡ ಸೀಮೆಸುಣ್ಣ ನನ್ನ ಅಂಗೈಯಲ್ಲಿತ್ತು. ಎರಡೂ ಶೂಗಳ ಅಡಿಗೆ ಚೆನ್ನಾಗಿ ಬಳಿದೆ. ನನ್ನ ಬಾಯಿಂದ ಬರುವುದಿಲ್ಲ ಎಂದು ಆಣೆ ಮಾಡಿದ್ದೆ. ಕೈಯ ವಿಷಯ ಯಾರೂ ಎತ್ತಿರಲಿಲ್ಲ.

"ನಾಳೆ ಹೋಗಿಬಿಡುತ್ತೆ ಚಿಕ್ಕಮ್ಮ. ಕೊನೇ ಸಲ ಒಮ್ಮೆ ಒತ್ತಿ ನೋಡು. ಕಣ್ಣು ಮುಚ್ಚಿ."

ಅವಳು ಕಾಲು ಒಳಗಿಟ್ಟಳು. ಕಣ್ಣು ಮುಚ್ಚಿದಳು. ಬ್ರೇಕು, ಕ್ಲಚ್ಚು, ಮತ್ತೆ ಬ್ರೇಕು. ಮುಚ್ಚಿದ ರೆಪ್ಪೆಯ ಕೆಳಗಿಂದ ನೀರು ಬಂದದ್ದು ನೋಡಿ ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಒಂದು ಗಳಿಗೆ ಅನುಮಾನವಾಯಿತು. ಕಣ್ಣು ಬಿಟ್ಟು ಕೆಳಗೆ ನೋಡಿದವಳು ಹೌಹಾರಿದಳು.

"ಏನೇ ಮಾಡಿದೆ ನೀನು!"

ಕರವಸ್ತ್ರ ತೆಗೆದು ಒರೆಸಲು ಬಗ್ಗಿದಳು. ಸ್ಟೀರಿಂಗು ಹೊಟ್ಟೆಗೆ ಅಡ್ಡ ಬಂತು. ಪಾಪ, ಗಿಡ್ಡ ಕೈ, ಪೆಡಲಿಗೆ ಎಟುಕಲಿಲ್ಲ. ಅಷ್ಟರಲ್ಲಿ ಚಿಕ್ಕಪ್ಪ ದೀಪ ಎಳೆದುಕೊಂಡು ಬಂದೇಬಿಟ್ಟ.

"ಇಳಿ, ಪೆಡಲ್ ಒಂದು ಒರೆಸಿಬಿಡ್ತೀನಿ" ಎಂದ. ಅವಳು ಇಳಿದಳು. ಅವನು ದಿಂಬು ಹಾಕಿ ಮಲಗಿ ಒಳಗೆ ತೂರಿದ.

ಬಟ್ಟೆಯ ಸದ್ದು ಬರಲಿಲ್ಲ. ಏನೂ ಸದ್ದು ಬರಲಿಲ್ಲ. ಹೊರಗೆ ಕಾಣುತ್ತಿದ್ದ ಅವನ ಎರಡು ಕಾಲು ಅಲುಗಾಡದೆ ಬಿದ್ದಿದ್ದವು. ಪ್ಲೇಟಿನ ಮೇಲೆ ಗುರುತು ಇರಲಿಲ್ಲ. ಇದ್ದದ್ದು ಪ್ಲೇಟಿನ ಕೆಳ ಅಂಚಿನಲ್ಲಿ, ಅದರ ಕೆಳಗಿನ ಬರೀ ಕಬ್ಬಿಣದ ಮೇಲೆ.

"ಇದು ನಿನ್ನ ಕಾಲು" ಎಂದ ಒಳಗಿಂದ. "ಎಡಗಾಲು ಹೊರಗೆ ತಿರುಗಿಸ್ತೀಯ. ನಿಂದೇ."

ಅವನು ಎದ್ದು ಕೂತ. ಸೀಟಿನ ಕೆಳಗೆ ಕೈ ಹಾಕಿ ಆ ಹಳೆಯ ಚಪ್ಪಲಿ ಎಳೆದ. ಮೇಜಿನಿಂದ ವರ್ನಿಯರ್ ತಂದು ಹಿಮ್ಮಡಿ ಅಳೆದ, ಹನ್ನೊಂದು ಸಲ ಅಳೆದದ್ದನ್ನೇ. ಮತ್ತೆ ಒಳಗೆ ತೂರಿ ಗುರುತಿನಿಂದ ಪ್ಲೇಟಿನ ನಡುವಿನವರೆಗೆ ಬೆರಳಿಟ್ಟು ಅಳೆದ. ಹೊರಗೆ ಬಂದಾಗ ಅವನ ಮುಖ ಬಿಳಿಚಿಕೊಂಡಿತ್ತು.

"ಈ ಚಪ್ಪಲಿ ಯಾರದ್ದು?"

"ಅಕ್ಕನದ್ದು" ಎಂದಳು ಚಿಕ್ಕಮ್ಮ. "ಅವತ್ತೊಂದು ದಿನಕ್ಕೆ ಅಂತ ಇಸ್ಕೊಂಡಿದ್ದೆ."

ಅವನು ದಿಂಬಿನ ಮೇಲೆಯೇ ಕೂತ. ಬಹಳ ಹೊತ್ತು ಚಪ್ಪಲಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಪಕ್ಕದ ಅಂಗಡಿಯಲ್ಲಿ ಯಾರೋ ಹಾರ್ನು ಪರೀಕ್ಷೆ ಮಾಡುತ್ತಿದ್ದರು.

"ಹನ್ನೊಂದು ಸಲ ನಾನೇ ಹೊತ್ಕೊಂಡು ಹೋಗಿ ಕಟ್ಟಿಸ್ಕೊಂಡು ಬಂದೆನಲ್ಲೇ" ಎಂದ. "ನನ್ನ ತಪ್ಪನ್ನ ನಾನೇ ಅಳೆದು ಅಳೆದು ನಿನ್ನ ಕಾಲಿಗೆ ಹಾಕಿದೆ. ಆ ಕಾಲು ಊದಿಕೊಳ್ಳದೆ ಇನ್ನೇನು ಮಾಡುತ್ತೆ?"

"ತಪ್ಪು ನಿಮ್ಮದಲ್ಲ. ನೀವು ಕೇಳಿದ್ರಿ, ನಾನು ಹೂಂ ಅಂದೆ."

"ಮೊದಲ ದಿನ ನೀನು ಇದನ್ನೇ ಹಾಕ್ಕೊಂಡು ಬಂದಿದ್ದೆ. ಆ ನೆನಪಿಗೆ ಬಿಡದೆ ಹಾಕ್ತೀಯ, ನನಗೋಸ್ಕರ ಹಾಕ್ತೀಯ ಅಂದ್ಕೊಂಡಿದ್ದೆ. ಅದಕ್ಕೇ ಸವೆಯೋಕೆ ಬಿಡಲಿಲ್ಲ ನಾನು."

"ನಿಮಗೋಸ್ಕರಾನೇ ಹಾಕಿದ್ದು" ಎಂದಳು ಅವಳು. "ಇನ್ಯಾರಿಗೋಸ್ಕರ ಹಾಕ್ಲಿ?"

ನನಗೆ ಅಳು ತಡೆಯಲಾಗಲಿಲ್ಲ. ಡಬ್ಬಿ ಜೋಡಿಸುವ ನೆಪದಲ್ಲಿ ಗೋಡೆಯ ಕಡೆ ತಿರುಗಿದೆ.

ಬೆನ್ನ ಹಿಂದೆ ಸ್ಪ್ಯಾನರಿನ ಸದ್ದು ಬಂತು. ಹತ್ತೊಂಬತ್ತು ವರ್ಷದ ಅಂಟು. ಬೋಲ್ಟು ಕಿರುಗುಟ್ಟಿತು, ಹಟ ಮಾಡಿತು, ಕೊನೆಗೆ ಬಿಟ್ಟಿತು. ಹಾಕಿದ ಪ್ಲೇಟನ್ನು ಅವನು ಬಿಚ್ಚುತ್ತಿದ್ದ. ಪಕ್ಕದ ಅಂಗಡಿಯವರು ಇಣುಕಿ, "ಏನು ಸೀಮೆಸುಣ್ಣ, ಬಿಚ್ತಾ ಇದೀಯಾ?" ಎಂದರು, ಕಣ್ಣು ಕಣ್ಣು ಬಿಡುತ್ತ.

"ಹೂಂ, ಬಿಚ್ತಾ ಇದೀನಿ. ಸರಿಯಾಗಿರಲಿಲ್ಲ" ಎಂದ ಚಿಕ್ಕಪ್ಪ ಒಳಗಿಂದಲೇ, ಇಡೀ ಬೀದಿಗೆ ಕೇಳುವ ಹಾಗೆ.

ಹೊಸ ತೂತು ಕೊರೆದು, ತುಂಡುಗಳನ್ನು ದಪ್ಪ ಮಾಡಿ, ಎರಡು ಬೆರಳು ಕೆಳಗೆ ಕೂರಿಸಿದ. ಸಂಜೆಯೊಳಗೆ ಮುಗಿಯಿತು. ಅವಳು ಶೂ ಹಾಕಿಕೊಂಡೇ ಬೀದಿಯ ಕೊನೆಯವರೆಗೆ ಓಡಿಸಿಕೊಂಡು ಹೋಗಿ ಬಂದಳು. ಕಿಟಕಿ ಇಳಿಸಿ, ಅಭ್ಯಾಸಬಲದಿಂದ, "ತುಂಬ ಚೆನ್ನಾಗಿದೆ" ಎಂದಳು.

"ನಿಜ ಹೇಳು."

ಅವಳು ಎಡಗಾಲಲ್ಲಿ ಇನ್ನೊಮ್ಮೆ ಒತ್ತಿ ನೋಡಿದಳು. "ಕ್ಲಚ್ಚು ಒಂದು ಕೂದಲೆಳೆ ಎಡಕ್ಕೆ ಬರ್ಬೇಕಿತ್ತು."

ಅವನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಮತ್ತೆ ಮಲಗಿದ, ಮತ್ತೆ ಬಿಚ್ಚಿದ. ಅವಳು ಮತ್ತೆ ಹೋಗಿ ಬಂದಳು. "ಬ್ರೇಕು ಸ್ವಲ್ಪ ಎತ್ತರ." ಮತ್ತೆ ಬಿಚ್ಚಿದ. ಮೂರನೆಯ ಸಲಕ್ಕೆ ಅವಳಿಗೇ ನಗು ಬಂದು ಕಾರು ಆರಿಸಿಬಿಟ್ಟಳು. ಭಾನುವಾರ ಬೆಳಗ್ಗೆ ಬಂದವರಿಗೆ ಕ್ಷಮೆ ಕೇಳಿ ಕಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅವರಿಂದ ನಾಲ್ಕು ಮಾತು ಅನ್ನಿಸಿಕೊಂಡೆ. ಸೋಮವಾರ ಅವಳು ಎಂಟೂ ಮನೆ ಸುತ್ತಿ ಬಂದಳು.

ಆಮೇ‍ಲಿನ ಒಂಬತ್ತು ವರ್ಷ ಅವರಿಬ್ಬರದು ಇದೇ ಆಟ. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಅವಳು ಒಂದು ದೂರು ಹೇಳುವುದು: ಇದು ಸಡಿಲ, ಅದು ಸೊಟ್ಟ, ಗುಂಡಿ ಸವೆದಿದೆ. ಅವನು ಗೊಣಗುತ್ತ ಮಲಗಿ ಕಾಲು ಹೊರಗೆ ಚಾಚಿಕೊಂಡು ಬಿಗಿಯುವುದು. "ಈ ಹೆಂಗಸು ನನ್ನ ತಲೆ ತಿಂತಾಳೆ" ಎಂದು ಊರಿಗೆಲ್ಲ ಹೇಳುತ್ತಿದ್ದ. ಹಾಕಿದ್ದನ್ನು ಬಿಚ್ಚಿಲ್ಲ ಎಂಬ ಹಳೆಯ ಮಾತು ಮತ್ತೆ ಅವನ ಬಾಯಿಂದ ಕೇಳಲಿಲ್ಲ. ಆ ಚಪ್ಪಲಿ ಅಂಗಡಿಯ ಮೇಲಿನ ಹಲಗೆಯಲ್ಲಿ, ಬೋಲ್ಟಿನ ಡಬ್ಬಿಗಳ ಪಕ್ಕ ಕೂತಿತ್ತು. ಹೊಸಬರು ಕೇಳಿದರೆ, "ನಾನು ಕಲಿತ ಶಾಲೆ ಅದು" ಎನ್ನುತ್ತಿದ್ದ.

ಈಗ ಆ ಅಂಗಡಿಯಲ್ಲಿ ಫೋನಿನ ಕವರು ಮಾರುತ್ತಾರೆ. ಹೋದ ವಾರ ಚಿಕ್ಕಮ್ಮನ ಜೊತೆ ಅದೇ ಬೂದುಬಣ್ಣದ ಕಾರಿನಲ್ಲಿ ಆ ಬೀದಿಯಲ್ಲಿ ಹೋಗುತ್ತಿದ್ದೆ. ಐವತ್ತೆಂಟಾದರೂ ಅವಳೇ ಓಡಿಸುತ್ತಾಳೆ, ಇನ್ನೂ ಐದು ಮನೆ ಇಟ್ಟುಕೊಂಡಿದ್ದಾಳೆ. ಅಂಗಡಿಯ ಮುಂದೆ ಬಂದಾಗ ನಿಧಾನ ಮಾಡಿ, ಪಕ್ಕಕ್ಕೆ ನಿಲ್ಲಿಸಿದಳು.

"ಬ್ರೇಕು ಸ್ವಲ್ಪ ಬಲಕ್ಕಿದೆ" ಎಂದಳು.

ನಾನು ಬಗ್ಗಿ ನೋಡಿದೆ. ಪ್ಲೇಟು ನೆಟ್ಟಗೇ ಇತ್ತು. "ಎಲ್ಲಾದ್ರೂ ತೋರಿಸಿ ಬಿಚ್ಚಿ ಹಾಕಿಸೋಣ್ವಾ?"

"ಬೇಡ, ಬೇರೆ ಯಾರೂ ಬಿಚ್ಚೋದು ಬೇಡ" ಎಂದು ಗೇರು ಹಾಕಿದಳು. "ಹೇಳ್ಬೇಕು ಅನ್ನಿಸ್ತು, ಹೇಳ್ದೆ."